ಜೋಡಿ ಸೈಕಲ್ಲಿನ ಮುಂದಿನ ಪೆಡಲು

ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್ಲಿನ ಮುಂದಿನ ಪೆಡಲು ಬೆಟ್ಟದ ಏರಿನಲ್ಲಿ ಹಿಂದಿನ ಪೆಡಲನ್ನು ಗದರಿತು: "ಮೈಗಳ್ಳಾ, ಭಾರವೆಲ್ಲ ನನ್ನ ಮೇಲೇ ಹಾಕಿದೆಯಲ್ಲ!"

"ಇನ್ನಷ್ಟು ಬಲ ಹಾಕುತ್ತೇನೆ ಅಣ್ಣಾ," ಎಂದಿತು ಹಿಂದಿನದು.

ತುಸು ಹೊತ್ತಿಗೆ ಮುಂದಿನದಕ್ಕೆ ಏರೇ ಹಗುರಾಯಿತು. "ಕಂಡೆಯಾ ನನ್ನ ತಾಕತ್ತು?" ಎಂದು ಬೀಗುತ್ತಾ ತಿರುಗಿ ನೋಡಿತು. ಎರಡೂ ಪೆಡಲುಗಳನ್ನು ಜೋಡಿಸಿದ್ದ ಚೈನು ಕಡಿದು ಜೋತಾಡುತ್ತಿತ್ತು. ತಾನು ಸುತ್ತುತ್ತಿದ್ದುದು ಬರೀ ಗಾಳಿಯಲ್ಲಿ. ಗಾಡಿಯನ್ನು ಎಳೆಯುತ್ತಿದ್ದುದು ಹಿಂದಿನದೊಂದೇ. ನಾಚಿಕೆಯಿಂದ ಕುಗ್ಗಿಹೋಯಿತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ದಣಿದವರ ಹಾಗೆ ಕಿರುಗುಟ್ಟುತ್ತಾ ಸುತ್ತಿತು.

ಬೆಟ್ಟದ ನೆತ್ತಿ ಮುಟ್ಟಿದಾಗ ಹಿಂದಿನದು ಏದುಸಿರಿನಲ್ಲೇ ಹೇಳಿತು: "ಅಣ್ಣಾ, ನೀವು ಎಳೆದಿರಿ ಅಂತ ಹತ್ತಿದೆವು. ನನ್ನಿಂದ ನಿಮಗೆ ಬಹಳ ತೊಂದರೆಯಾಯಿತು, ಕ್ಷಮಿಸಿ."

ಚೈನಿನ ಬದಲು ತಾನೇ ಕಡಿದು ಬೀಳಬಾರದಿತ್ತೇ ಅನ್ನಿಸಿತು ಮುಂದಿನ ಪೆಡಲಿಗೆ.