ಕೆಂಡ ಸುಡದ ಕಾಲು

"ಗುರುಗಳೇ, ಸಾಹುಕಾರರು ಬಂದರೂ ಕೂತಲ್ಲೇ ಇರುವ ನೀವು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಬಂದರೆ ಎದ್ದು ನಿಲ್ಲುತ್ತೀರಲ್ಲ, ಅದೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

"ಅಂತೂ ಕೇಳಿಯೇಬಿಟ್ಟೆ. ಕೂತುಕೋ," ಎಂದು ಗುರುಗಳು ಕತೆ ತೆಗೆದರು.

ಒಬ್ಬ ರೈತನಿದ್ದ. ವರ್ಷವರ್ಷವೂ ಊರಮ್ಮನ ಹಬ್ಬದಲ್ಲಿ ಕೆಂಡ ಹಾಯುತ್ತಿದ್ದ. ಎಲ್ಲರ ಹಾಗೆ ಅವನೂ ದಡಬಡ ಓಡಿ ದಾಟುವವನೇ. ಆ ವರ್ಷ ಮಾತ್ರ ಮದುವೆ ದಿಬ್ಬಣದಲ್ಲಿ ಹೋಗುವವನಂತೆ ನಿಧಾನವಾಗಿ ನಡೆದ. ಕಾಲಿಗೆ ಬಿಸಿಯೇ ತಾಕಲಿಲ್ಲ. ಅಬ್ಬಾ, ಅಮ್ಮ ಒಲಿದುಬಿಟ್ಟಳು ಎಂದು ಊರಿಗೆ ಊರೇ ಅವನ ಕಾಲಿಗೆ ಬಿತ್ತು. ಮಾತಾಡಿಸದೆ ಹೋಗುತ್ತಿದ್ದವರೂ ಹಣ್ಣುಕಾಯಿ ತಂದರು. ತಾನೂ ಒಬ್ಬ ಮನುಷ್ಯ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಬಲು ಖುಷಿಪಟ್ಟ, ಪಾಪ.

ಆದರೆ ಒಳಗೊಂದು ಅಳುಕಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಈಚೆಗೆ ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಹಬ್ಬ ಕಳೆದು ವಾರಕ್ಕೆ ಆಶಾ ಕಾರ್ಯಕರ್ತೆ ಬಂದಳು. ಅದೇ ಊರಿನ ಸೊಸೆ. ಅವಳೂ ಕಾಲಿಗೆ ಬಿದ್ದಳು, ಆದರೆ ಬೇಗ ಏಳಲಿಲ್ಲ. ಅಂಗಾಲು ತಿರುಗಿಸಿ ನೋಡಿದಳು. ಬೊಬ್ಬೆ ಒಡೆದು ಕೀವು ತುಂಬಿತ್ತು.

"ಮಾವ, ಇಷ್ಟು ಗಾಯ ಆಗಿದೆ, ನೋಯಲ್ವಾ?"

"ನೋವಿದ್ದರೆ ತಾನೇ! ಅಮ್ಮ ಕಾಪಾಡಿದಳು ಕಣಮ್ಮ."

"ಅಮ್ಮ ಕಾಪಾಡಿದ್ರೆ ಬೊಬ್ಬೆ ಯಾಕೆ ಬರ್ತಿತ್ತು? ಸಕ್ಕರೆ ಕಾಯಿಲೆಗೆ ಕಾಲು ಮರಗಟ್ಟಿದೆ. ಹೀಗೇ ಬಿಟ್ರೆ ಕಾಲೇ ಹೋಗುತ್ತೆ. ಏಳಿ ಮಾವ, ಆಸ್ಪತ್ರೆಗೆ ಹೋಗೋಣ."

ರೈತನಿಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಗೆ ಹೋದರೆ ಈಗಷ್ಟೇ ಸಿಕ್ಕ ಮರ್ಯಾದೆಯೂ ಹೋಯಿತಲ್ಲ! ಆಚೆ ನಡಿ ಎಂದು ಗದರಿದ. ಅವಳು ಮರುದಿನ ಮತ್ತೆ ಬಂದಳು. ಅವನು ಬೈಯುತ್ತಲೇ ಇದ್ದ, ಅವಳು ಗಾಯ ತೊಳೆಯುತ್ತಲೇ ಇದ್ದಳು. ಹೀಗೇ ದಿನ ಕಳೆದು, ಕೊನೆಗೊಮ್ಮೆ ಅವನೇ ಚಪ್ಪಲಿಯ ವಿಷಯ ಹೇಳಿ, "ಭಯ ಆಗ್ತದೆ ಕಣಮ್ಮ" ಎಂದು ಅತ್ತುಬಿಟ್ಟ. ಅವಳು ಆಟೋ ಕರೆಸಿದಳು.

ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಊರಿನವರ ಹಣ್ಣುಕಾಯಿ ಅಂದಿಗೇ ನಿಂತಿತು. ಅವಳು ಮಾತ್ರ ವಾರವಾರ ಬಂದು ಮಾತ್ರೆ ನುಂಗಿದನೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಮುದ್ದೆಯ ಗಾತ್ರ ನೋಡಿ ಅವನ ಹೆಂಡತಿಯನ್ನೂ ಗದರುತ್ತಿದ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಊರಿನವರ ಮೇಲೆ ಕೋಪ ಬಂದಿತ್ತು. "ಹಾಗಾದರೆ ಅವರದೆಲ್ಲ ಸುಳ್ಳು ಭಕ್ತಿಯೇ?" ಎಂದು ಕೇಳಿದ.

"ಛೆ ಛೆ, ಭಕ್ತಿ ನಿಜವಾದದ್ದೇ ಕಣಪ್ಪ, ಕಾಲಿಗೆ ಬೀಳುವಾಗ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು, ಅಷ್ಟೇ."