ಖಾಲಿ ಹೆಬ್ಬೆಟ್ಟಿನ ರಾಜ ಮತ್ತು ತೂತು ಕೇಳಿದ ಲ್ಯಾಪ್‌ಟಾಪ್

ಒಂದಾನೊಂದು ಊರಿನಲ್ಲಿ... ತಡೀರಿ, ಮೊದಲು ಹೂಂಗುಟ್ಟುವವರು ಯಾರು ಅಂತ ಗೊತ್ತಾಗಲಿ. ಹೂಂ ಅನ್ನುವವರಿಲ್ಲದಿದ್ದರೆ ಕತೆ ಮುನಿಸಿಕೊಂಡು ಎದ್ದು ಹೋಗುತ್ತದೆ. ನೀವಾ? ಸರಿ. ಮಧ್ಯದಲ್ಲಿ ತೂಕಡಿಸಬೇಡಿ ಮತ್ತೆ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ. ಊರಿನ ಹೆಸರು ಬೀಗನೂರು. ಅಲ್ಲಿ ಬೀಗರೂ ಹೆಚ್ಚು, ಬೀಗಗಳೂ ಹೆಚ್ಚು. ರಾಜನ ಹೆಸರು ಜೋಪಾನರಾಯ. ಸಿಕ್ಕಿದ್ದನ್ನೆಲ್ಲ ಜೋಪಾನವಾಗಿ ಎತ್ತಿಡುವುದೇ ಅವನ ರಾಜ್ಯಭಾರ. ಚಪ್ಪಲಿ ಸವೆದೀತು ಅಂತ ಎತ್ತಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದ. ಸಿಂಹಾಸನ ಸವೆದೀತು ಅಂತ ಅದರ ಪಕ್ಕ ಚಾಪೆ ಹಾಸಿ ಕೂರುತ್ತಿದ್ದ. ಕೈ ಸವೆದೀತು ಅಂತ ಕೈಯಿಂದ ಏನೂ ಮಾಡುತ್ತಿರಲಿಲ್ಲ. ಅನ್ನ ಕಲಸುವುದಕ್ಕೊಬ್ಬ, ಮೂಗು ತುರಿಸುವುದಕ್ಕೊಬ್ಬ, ರಾಜಮುದ್ರೆ ಒತ್ತುವುದಕ್ಕೊಬ್ಬ. ಅವನ ಹೆಬ್ಬೆಟ್ಟಿಗೆ ರೇಷ್ಮೆಯ ಟೋಪಿ ಬೇರೆ!

ಒಂದು ದಿನ ಪಟ್ಟದಾನೆ ಸೀನಿತು. ಮಂತ್ರಿಯ ರುಮಾಲು ಹಾರಿ ಕೊಳಕ್ಕೆ ಬಿತ್ತು. ರಾಜ ಗಹಗಹಿಸಿ ನಕ್ಕ. ನಕ್ಕು ಮುಗಿದ ಮೇಲೆ ಅವನ ಎದೆ ಧಸಕ್ಕೆಂದಿತು.

"ಅಯ್ಯೋ! ಹೀಗೆ ಕಂಡಕಂಡದ್ದಕ್ಕೆಲ್ಲ ನಕ್ಕರೆ ನಗು ಸವೆದು ಹೋಗೋದಿಲ್ವೇ? ನಾಳೆ ಬೇಕಾದಾಗ ಎಲ್ಲಿಂದ ತರಲಿ?"

ನಗುವನ್ನು ಎತ್ತಿಡಬೇಕು. ಎಲ್ಲಿ ಎತ್ತಿಡುವುದು? ಡಬ್ಬಿಯಲ್ಲಿಟ್ಟರೆ ಇರುವೆ ಮುತ್ತುತ್ತದೆ. ಗೋಡೆಯ ಗೂಡಿನಲ್ಲಿಟ್ಟರೆ ಗೋಡೆ ನಗುತ್ತದೆ. ಅರಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಹುಟ್ಟಿದಾಗಿನಿಂದ ರಾಜನ ತೊಡೆಯ ಮೇಲೇ ಕೂತು ಕೂತು ಅದಕ್ಕೆ ಕೊಬ್ಬು ಬಂದಿತ್ತು. ಮಾತಾಡಿದರೆ ವ್ಯಾಕರಣದಲ್ಲೇ ಮಾತಾಡುತ್ತಿತ್ತು.

"ನಿನ್ನ ನಗುವನ್ನು ನಾನು ಕಾಯುವೆನು," ಎಂದಿತು ಲ್ಯಾಪ್‌ಟಾಪ್. "ಆದರೆ ಒಂದು ಗುಟ್ಟಿನ ಮಾತನ್ನು ಕೊಡತಕ್ಕದ್ದು. ಅದರಲ್ಲಿ ಒಂದು ಒತ್ತು ಇರತಕ್ಕದ್ದು. ಒಂದು ಮಹಾಪ್ರಾಣ ಇರತಕ್ಕದ್ದು. ಆ ಮಾತು ಬಂದರೆ ತೆರೆಯುವೆನು, ಬಾರದಿದ್ದರೆ ತೆರೆಯೆನು."

ರಾಜ ಲ್ಯಾಪ್‌ಟಾಪಿನ ಬಾಯಿ ತೆಗೆದು ಒಳಕ್ಕೆ ಹಹ್ಹಹ್ಹಾ ಅಂತ ನಕ್ಕ. ಟಪ್ ಅಂತ ಮುಚ್ಚಿದ. ಅದರ ಕಿವಿಯಲ್ಲಿ ಗುಟ್ಟಿನ ಮಾತು ಹೇಳಿದ. ಹೇಳಿದ್ದನ್ನೇ ಮತ್ತೆ ಮತ್ತೆ ನೆನಪು ಮಾಡಿಕೊಂಡರೆ ಮಾತು ಸವೆದೀತು ಅಂತ ಆಮೇಲೆ ಅದನ್ನು ನೆನಪು ಮಾಡಿಕೊಳ್ಳಲೇ ಇಲ್ಲ.

ಏನಾಯಿತು? ಇನ್ನೇನಾಗುತ್ತೆ, ಮರೆತುಹೋಯಿತು!

ಈಗ ಬೀಗನೂರಿನ ಕಾಯಿದೆ ಕೇಳಿ. ದೊರೆ ನಗುವ ಮುಂಚೆ ಪ್ರಜೆ ನಗಕೂಡದು. ಹಾಗಾಗಿ ಊರಿನವರೆಲ್ಲ ಬಂದ ನಗುವನ್ನು ಬಾಯಲ್ಲೇ ಇಟ್ಟುಕೊಂಡು ಕಾದರು. ಕೆನ್ನೆಗಳು ಪೂರಿಯ ಹಾಗೆ ಉಬ್ಬಿದವು. ಉಬ್ಬಿದ ಕೆನ್ನೆಯವರು ಓಣಿಯಲ್ಲಿ ಎದುರುಬದುರಾದರೆ ದಾಟಲು ಜಾಗವಿಲ್ಲ. ಒಬ್ಬರು ಹಿಂದೆ ಹಿಂದೆ ನಡೆದು ಮನೆಗೇ ವಾಪಸು ಹೋಗಬೇಕು. ನಗೆಯ ಸದ್ದಿಲ್ಲದೆ ಹಾಲು ಹೆಪ್ಪಾಗಲಿಲ್ಲ. ಮಲ್ಲಿಗೆ ಮೊಗ್ಗು ಬಾಯಿ ಬಿಡಲಿಲ್ಲ.

ಅಂಥ ಹೊತ್ತಿನಲ್ಲಿ ರಾಣಿ ಸಿರಿಯಮ್ಮಣ್ಣಿ ಒಂದು ಹೆಣ್ಣುಮಗು ಹೆತ್ತಳು. ಮುದ್ದಾದ ಮಗು. ಆದರೆ ನಗುವುದಿಲ್ಲ! ನಗು ನೋಡಿ ತಾನೇ ನಗು ಕಲಿಯುವುದು? ನೋಡೋಣವೆಂದರೆ ಊರಲ್ಲಿ ನಗುವವರೇ ಇಲ್ಲ. ಗಿಲಕಿ ಆಡಿಸಿದರೆ ಮಗು ಗಿಲಕಿಯನ್ನು ಪಂಚಾಯಿತಿಗೆ ಬಂದವರ ಹಾಗೆ ದಿಟ್ಟಿಸುತ್ತಿತ್ತು.

ರಾಣಿ ರಾಜನ ಚಾಪೆಯ ಮುಂದೆ ಬಂದು ನಿಂತಳು.

"ನೋಡಿ, ಹೇಳಿಬಿಡ್ತೀನಿ. ನಮ್ಮ ತವರಿನ ಪದ್ಧತಿ ಗೊತ್ತಲ್ಲ? ಅಪ್ಪ ನಗುನಗುತ್ತಾ ಎತ್ತಿಕೊಂಡರೇನೇ ಮಗುವನ್ನ ತೊಟ್ಟಿಲಿಗೆ ಹಾಕಿ ಹೆಸರಿಡೋದು. ಇಲ್ಲದಿದ್ದರೆ ಹೆಸರಿಲ್ಲ. ಎಲ್ಲರೂ ಇದನ್ನ 'ಇದು, ಇದು' ಅಂತಾರೆ. ನನ್ನ ಮಗಳು ಜೀವಮಾನವೆಲ್ಲ 'ಇದು' ಆಗಿ ಇರಬೇಕಾ?"

ರಾಜ ಮಗುವನ್ನು ನೋಡಿದ. ಮಗು ರಾಜನನ್ನು ನೋಡಿತು. ಇಬ್ಬರ ಮುಖದಲ್ಲೂ ಏನೂ ಇಲ್ಲ. ರಾಜನಿಗೆ ಕರುಳು ಚುರ್ ಅಂದಿತು. ಪಾಪ, ತಾನು ಎತ್ತಿಟ್ಟದ್ದಕ್ಕೆ ಮಗಳು ಉಪವಾಸ.

ಓಡಿ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತ. ತೋಚಿದ ಮಾತನ್ನೆಲ್ಲ ಹೇಳಿದ. "ಬೆಣ್ಣೆ!" "ಅಲ್ಲ." "ಮಜ್ಜಿಗೆ!" "ಅಲ್ಲ." "ಎಲ್ಲೋ ಒಂದು ಕಡೆ ಹೊಟ್ಟೆ ಸೀಳಿದ್ದೆ, ಅಷ್ಟೇ ನೆನಪು," ಅಂದ ರಾಜ. ಅಕ್ಷರದ ಹೊಟ್ಟೆ ಸೀಳಿದರೆ ಮಹಾಪ್ರಾಣ ಆಗುತ್ತದಲ್ಲ, ಅವನು ಹೇಳಿದ್ದು ಅದನ್ನು. ಸೇನಾಪತಿಗೆ ಅದೆಲ್ಲ ಎಲ್ಲಿ ಗೊತ್ತು? ಸರ್ರನೆ ಕತ್ತಿ ಹಿರಿದು, "ಯಾರ ಹೊಟ್ಟೆ ಅಂತ ಅಪ್ಪಣೆಯಾಗಲಿ ಮಹಾಸ್ವಾಮಿ!" ಅಂದ. ಆಸ್ಥಾನ ಒಂದೇ ಕ್ಷಣದಲ್ಲಿ ಖಾಲಿಯಾಯಿತು.

ಉಳಿದವಳು ಅಡುಗೆಯ ಬೋರಮ್ಮ ಒಬ್ಬಳೇ. ಅವಳಿಗೆ ಕಿವಿ ಮಂದ. ಹೊಟ್ಟೆಯ ಮಾತು ಅವಳಿಗೆ ಕೇಳಿಸಿರಲಿಲ್ಲ, ಲ್ಯಾಪ್‌ಟಾಪ್ ಹಿಂದೆ ಕೇಳಿದ್ದ ಒತ್ತಿನ ಮಾತು ಮಾತ್ರ ಕೇಳಿಸಿತ್ತು.

"ಒತ್ತು ತಾನೇ ಬುದ್ಧೀ ಅದು ಕೇಳ್ತಿರೋದು? ಅದಕ್ಯಾಕೆ ಇಷ್ಟು ಗೋಳು? ಹೆಬ್ಬೆಟ್ಟು ಒತ್ತಿಬಿಡಿ!"

ಲ್ಯಾಪ್‌ಟಾಪಿಗೆ ಮೈಯೆಲ್ಲ ಉರಿದುಹೋಯಿತು. "ಹೆಬ್ಬೆಟ್ಟೇ? ಅಕ್ಷರ ಬಾರದವರು ಒತ್ತುವ ಹೆಬ್ಬೆಟ್ಟೇ? ನನ್ನಲ್ಲಿ ಬೆರಳನ್ನು ಓದುವವನಿಲ್ಲ. ಓದುವವನು ಬೇಕಾದರೆ ನೀನೇ ತಂದು ಕೂರಿಸತಕ್ಕದ್ದು. ಅವನು ಕೂರಲು ತೂತು ಬೇಕು. ಆದರೆ ನನ್ನ ಮೈಯನ್ನು ಕೊರೆಯಕೂಡದು, ನನಗೆ ಕಚಗುಳಿ. ತೂತನ್ನು ಹೊರಗಿನಿಂದ ತರತಕ್ಕದ್ದು. ನಗು ಯಾರದೋ, ಕೆಲಸವೂ ಅವನ ಕೈಯದೇ ಆಗಿರತಕ್ಕದ್ದು."

ಇದನ್ನೆಲ್ಲ ಕೇಳಿದರೆ ರಾಜ ಹೆದರಿ ಸುಮ್ಮನಾಗುತ್ತಾನೆ ಅಂತ ಅದರ ಲೆಕ್ಕಾಚಾರ. ರಾಜ ಹೆದರಿದ್ದೂ ನಿಜ. ಆದರೆ ಒಳಮನೆಯಲ್ಲಿ ಯಾರೋ, "ಇದು ಹಾಲು ಕುಡೀತಾ?" ಅಂತ ಕೇಳಿದ್ದು ಅವನ ಕಿವಿಗೆ ಬಿತ್ತು. ಅವನು ಹೆಬ್ಬೆಟ್ಟಿನ ರೇಷ್ಮೆ ಟೋಪಿ ಕಿತ್ತು ಬಿಸಾಡಿದ.

"ಕೈ ಸವೆದರೆ ಸವೆಯಲಿ!"

ಮೊದಲು ಓದುವವನು ಬೇಕು. ಅರಮನೆಯ ಹೆಬ್ಬಾಗಿಲಲ್ಲಿ ಹಾಜರಿ ಹಾಕಿಸಿಕೊಳ್ಳುವ ಒಂದು ಪುಟಾಣಿ ಯಂತ್ರವಿತ್ತು. ಬೆಳಗಾದರೆ ಆಳುಕಾಳುಗಳೆಲ್ಲ ಅದರ ಮೇಲೆ ಬೆರಳು ಒತ್ತಿ ಒಳಗೆ ಬರಬೇಕು. ಅದರ ಹೆಸರು ಬೆರಳೋದಪ್ಪ. ಅದಕ್ಕೆ ಬದುಕು ಬೇಸರವಾಗಿತ್ತು.

"ದಿನಾ ಅವೇ ಬೆರಳು, ಅವೇ ಕತೆ ಮಹಾಸ್ವಾಮಿ," ಅಂತ ಅದು ಆಕಳಿಸಿತು. "ಹೊಸ ಕತೆ ಓದೋಕೆ ಕೊಟ್ಟರೆ ಬರ್ತೀನಿ. ಎಲ್ಲಿ, ನಿಮ್ಮ ಹೆಬ್ಬೆಟ್ಟು ತೋರಿಸಿ."

ರಾಜ ಒತ್ತಿದ. ಬೆರಳೋದಪ್ಪ ಹಿಂದೆ ಮುಂದೆ ನೋಡಿತು. ಮೇಲೆ ಕೆಳಗೆ ನೋಡಿತು.

"ಖಾಲಿ! ಒಂದು ಗೆರೇನೂ ಇಲ್ಲ. ಏನೂ ಬರೀದೆ ಇರೋದನ್ನ ನಾನು ಹೇಗೆ ಓದಲಿ?"

ರಾಜನಿಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು, ಕಿವಿಯ ತುದಿ ಕೆಂಪಾಯಿತು. "ಮೊದಲು ಬಾರಪ್ಪ, ಆಮೇಲೆ ನೋಡೋಣ," ಅಂತ ಸ್ಕ್ರೂಡ್ರೈವರ್ ಹಿಡಿದ. ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಿಲ್ಲ. ಬಿಗಿಯುವ ಕಡೆಗೇ ತಿರುಗಿಸಿದ. ಸ್ಕ್ರೂ ಬಿಗಿಯಾಯಿತು, ಬಾಗಿಲು ಬಿಗಿಯಾಯಿತು, ಕಾವಲುಗಾರನ ನಡುಪಟ್ಟಿಯೂ ಬಿಗಿಯಾಗಿ ಅವನು "ಕುಂಯ್" ಅಂದ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿದ. ಸ್ಕ್ರೂ ಬಿಚ್ಚಿತು, ಬಾಗಿಲು ಬಿಚ್ಚಿತು. ಕಾವಲುಗಾರ ಎರಡೂ ಕೈಯಲ್ಲಿ ಚಲ್ಲಣ ಹಿಡಿದುಕೊಂಡು ಓಡಿದ. ಸ್ಕ್ರೂಡ್ರೈವರ್ ಜಾರಿ ರಾಜನ ಹೆಬ್ಬೆಟ್ಟನ್ನು ಗೀರಿತು. "ಹಾ!" ಅಂದ ರಾಜ. ಬೆರಳೋದಪ್ಪ ಅವನ ಅಂಗೈಗೆ ಬಿತ್ತು.

ಇನ್ನು ತೂತು. ರಾಜ ಯೋಚಿಸಿದ. ಎಲ್ಲರ ಮನೆ ದೋಸೆಯೂ ತೂತೇ ಅಂತ ದೊಡ್ಡವರು ಹೇಳಿಲ್ಲವೇ? ಒಂದು ಕೈಗಡ ತಂದರಾಯಿತು! ಬೀದಿಗಿಳಿದು ಬಾಗಿಲು ತಟ್ಟಿದ.

"ತಾಯೀ, ನಿಮ್ಮ ಮನೆ ದೋಸೆಯ ತೂತು ಒಂದು ಕೊಡ್ತೀರಾ?"

ಮನೆಯಾಕೆ ಉಬ್ಬಿದ ಕೆನ್ನೆಯಲ್ಲೇ ಸಿಟ್ಟಾದಳು. "ನಮ್ಮ ಮನೆ ದೋಸೇಲಿ ತೂತಾ? ಯಾರು ಹೇಳಿದ್ದು? ಪಕ್ಕದ ಮನೇಲಿ ಕೇಳಿ!"

ಪಕ್ಕದ ಮನೆಯವಳು, "ಎದುರು ಮನೇಲಿ ಕೇಳಿ!" ಅಂದಳು. ಎದುರು ಮನೆಯವಳು, "ಹಿಂದಿನ ಬೀದೀಲಿ ಕೇಳಿ!" ಅಂದಳು. ಹಿಂದಿನ ಬೀದಿಯವಳು ಕಾವಲಿಯ ಮೇಲಿದ್ದ ದೋಸೆಯ ಮೇಲೇ ಕೂತುಬಿಟ್ಟಳು, ರಾಜನಿಗೆ ಕಾಣಬಾರದು ಅಂತ. ಬಿಸಿ ತಡೆಯಲಾರದೆ ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ "ತೂತೇ ಇಲ್ಲ ಮಹಾಸ್ವಾಮಿ, ತೂತೇ ಇಲ್ಲ!" ಗಾದೆ ಎಲ್ಲರಿಗೂ ಬಾಯಿಪಾಠ. ತೂತು ಮಾತ್ರ ಯಾರ ಮನೆಯಲ್ಲೂ ಇಲ್ಲ.

ರಾಜ ಸೋತು ಅರಮನೆಗೆ ಬಂದು ಒಲೆಯ ಮುಂದೆ ಕೂತ. "ಬೋರಮ್ಮ, ಹಿಟ್ಟು ಕೊಡು. ನಾನೇ ಹುಯ್ಯುತ್ತೀನಿ."

ಹುಯ್ದ ಮೊದಲ ದೋಸೆ ಕಾವಲಿಯನ್ನು ಬಿಡಲೇ ಇಲ್ಲ. ಇನ್ನೊಂದು ಮೊಗಚುವಾಗ ಹಾರಿ ಜಂತಿಗೆ ಅಂಟಿಕೊಂಡಿತು. ಮತ್ತೊಂದನ್ನು ಬಿಡಿಸಲು ಹೋಗಿ ಕಾದ ಕಾವಲಿಗೇ ಹೆಬ್ಬೆಟ್ಟು ಇಟ್ಟ. ಬೊಬ್ಬೆ ಬಂತು. ಬೊಬ್ಬೆ ಹಾಕಿದ. ಆದರೆ ಆ ದೋಸೆ ಎದ್ದಾಗ ನೋಡಬೇಕು! ನಡುವೆ ಒಂದು ತೂತು, ಹೆಬ್ಬೆಟ್ಟಿನಷ್ಟೇ ಅಗಲ.

"ಇದೆ! ನಮ್ಮ ಮನೆ ದೋಸೇಲಿ ತೂತಿದೆ!" ರಾಜ ಅರಮನೆಯ ಉಪ್ಪರಿಗೆ ಹತ್ತಿ ಕೂಗಿದ. ಅಂಥ ಮಾತನ್ನು ಯಾರಾದರೂ ಕೂಗಿ ಹೇಳಿದ್ದು ಆ ಊರಿನಲ್ಲಿ ಅದೇ ಮೊದಲು.

ದೋಸೆಯನ್ನು ಲ್ಯಾಪ್‌ಟಾಪಿನ ಮೂಲೆಯಲ್ಲಿ ಹಾಸಿ ಮೆಲ್ಲಗೆ ಎಳೆದ. ದೋಸೆ ಕೈಗೆ ಬಂತು, ತೂತು ಲ್ಯಾಪ್‌ಟಾಪಿನಲ್ಲೇ ಉಳಿಯಿತು. ತೂತು ಕಳೆದುಕೊಂಡ ದೋಸೆ ನಾಚಿಕೊಂಡು ಚಪಾತಿಯಾಯಿತು. ಬೋರಮ್ಮ ಅದನ್ನು ಪಲ್ಯದ ಜೊತೆ ತಿಂದಳು.

"ತೂತಾಯ್ತು, ನಾನೂ ಕೂತಾಯ್ತು," ಅಂತು ಬೆರಳೋದಪ್ಪ. "ನಾನು ಓದಿದ್ದು ಒಳಗಿನವರಿಗೆ ಕೇಳಬೇಕಲ್ಲ? ತಂತಿ ಬೇಕು. ಕೆಂಪು, ಬಿಳಿ, ಹಸಿರು, ಕಪ್ಪು."

ತಂತಿ ಎಲ್ಲಿಂದ ತರುವುದು? ಶ್ಯಾವಿಗೆ ಇತ್ತಲ್ಲ! ಒಂದೆಳೆಯನ್ನು ಬೀಟ್‌ರೂಟಿನಲ್ಲಿ ಅದ್ದಿದ, ಕೆಂಪಾಯಿತು. ಒಂದೆಳೆಗೆ ಕೊತ್ತಂಬರಿ ಸೊಪ್ಪು ಅರೆದು ಬಳಿದ, ಹಸಿರಾಯಿತು. ಬಿಳಿಯದು ಬಿಳಿಯದೇ. ಕರಿಯದಕ್ಕೆ? ಕಾಡಿಗೆ ಬೇಕು. ಕಾಡಿಗೆ ಇದ್ದದ್ದು ಮಗುವಿನ ಹತ್ತಿರ.

ರಾಜ ಮೆಲ್ಲಗೆ ಮಗುವಿನ ಹತ್ತಿರ ಹೋದ. ಕೆನ್ನೆಯ ಮೇಲಿನ ದೃಷ್ಟಿಬೊಟ್ಟಿನಿಂದ ಚೂರೇ ಚೂರು ಕಾಡಿಗೆ ತೆಗೆಯಲು ಹೆಬ್ಬೆಟ್ಟು ಮುಂದೆ ಮಾಡಿದ. ಮಗು ಅದನ್ನು ಗಪ್ಪನೆ ಹಿಡಿದುಕೊಂಡಿತು. ಗೀರಿದ ಹೆಬ್ಬೆಟ್ಟು, ಬೊಬ್ಬೆಯೆದ್ದ ಹೆಬ್ಬೆಟ್ಟು. ನೋಯುತ್ತಿತ್ತು. ಆದರೂ ರಾಜ ಬಿಡಿಸಿಕೊಳ್ಳಲಿಲ್ಲ. ಇಷ್ಟು ದಿನ ಈ ಕೈಯನ್ನು ಯಾವುದಕ್ಕೆ ಅಂತ ಎತ್ತಿಟ್ಟಿದ್ದೆ ಅಂತ ಅವನಿಗೆ ಅಳು ಬಂತು. ಮಗು ತಾನಾಗಿ ಬಿಟ್ಟ ಮೇಲೆ ಚೂರು ಕಾಡಿಗೆ ತೆಗೆದು ಇನ್ನೊಂದೆಳೆಗೆ ಬಳಿದ, ಕಪ್ಪಾಯಿತು.

ಆಮೇಲೆ ಬೆಲ್ಲದ ಪಾಕ ಕಾಸಿದ. ಎಳೆ ಪಾಕ ಬಂದ ಕೂಡಲೇ ಒಂದೊಂದು ಹನಿ ಹಾಕಿ ಶ್ಯಾವಿಗೆಯ ತುದಿಗಳನ್ನು ಅಂಟಿಸಿದ. ಒಂದು ಹನಿ ತಪ್ಪಿ ಹೆಬ್ಬೆಟ್ಟಿಗೇ ಬಿತ್ತು. ಇನ್ನು ಅದಕ್ಕೇನು ಕಮ್ಮಿ, ಬೀಳಲಿ!

ಊರೆಲ್ಲ ಅರಮನೆಯಲ್ಲಿ ಸೇರಿತು. ಉಬ್ಬಿದ ಕೆನ್ನೆಯವರು ಅಡ್ಡಡ್ಡಲಾಗಿ ಬಂದು ನಿಂತರು. ರಾಣಿ ಮಗುವನ್ನು ಎತ್ತಿಕೊಂಡು ಬಂದಳು. ರಾಜ ಹೆಬ್ಬೆಟ್ಟನ್ನು ಬೆರಳೋದಪ್ಪನ ಮೇಲೆ ಒತ್ತಿದ.

ಬೆರಳೋದಪ್ಪ ಎದ್ದು ಕೂತಿತು. "ಅರೆರೆ! ಎಷ್ಟೊಂದು ಬರೆದಿದೆ ಇಲ್ಲಿ! ಈ ಗೆರೆ ಸ್ಕ್ರೂಡ್ರೈವರಿಂದು. ಈ ಗುಂಡಗಿರೋದು ಕಾವಲಿ ಸುಟ್ಟಿದ್ದು. ಈ ಅಂಟು ಬೆಲ್ಲದ ಪಾಕ. ಇಲ್ಲೊಂದು ಕಪ್ಪು ಕಾಡಿಗೆ. ಅದರ ಸುತ್ತ ಸಣ್ಣ ಸಣ್ಣ ಗುರುತು, ಯಾರೋ ಪುಟ್ಟವರು ಬಿಗಿಯಾಗಿ ಹಿಡಿದದ್ದು. ಇಂಥ ಕತೆ ನಾನು ಓದೇ ಇರಲಿಲ್ಲ. ಇದು ಜೋಪಾನರಾಯರದೇ ಹೆಬ್ಬೆಟ್ಟು! ಬೇರೆ ಯಾರದ್ದೂ ಆಗೋಕೆ ಸಾಧ್ಯವಿಲ್ಲ!"

ಲ್ಯಾಪ್‌ಟಾಪ್ ಕೆಮ್ಮಿತು. "ಇರಬಹುದು. ಆದರೆ ಒತ್ತು ಎಲ್ಲಿ?"

"ಒತ್ತಿದ್ದೀನಲ್ಲ! ಇದಕ್ಕಿಂತ ಒತ್ತಿದರೆ ನೀನು ಮುರಿದುಹೋಗ್ತೀಯ," ಅಂದ ರಾಜ.

ಲ್ಯಾಪ್‌ಟಾಪ್ ಮನಸ್ಸಿನಲ್ಲೇ ಬಿಡಿಸಿ ನೋಡಿತು. ಹೆಬ್ಬೆಟ್ಟು. ಬಕಾರಕ್ಕೊಂದು ಒತ್ತು, ಟಕಾರಕ್ಕೊಂದು ಒತ್ತು. ಕೇಳಿದ್ದಕ್ಕಿಂತ ಹೆಚ್ಚೇ ಇದೆ. "ಒಪ್ಪಿದೆನು. ಮಹಾಪ್ರಾಣ ಎಲ್ಲಿ?"

ಸೇನಾಪತಿ ಕತ್ತಿಗೆ ಕೈ ಹಾಕಿದ. ರಾಜ ಅವನನ್ನು ತಡೆದು, ರಾಣಿಯ ಕೈಯಿಂದ ಮಗುವನ್ನು ಎತ್ತಿಕೊಂಡ.

"ಇದೋ. ಇದೇ ನನ್ನ ಪ್ರಾಣ. ಇದಕ್ಕಿಂತ ಮಹಾಪ್ರಾಣ ಯಾವ ವ್ಯಾಕರಣದಲ್ಲಿದೆ ತೋರಿಸು!"

"ಒಪ್ಪಿದೆನು," ಎಂದಿತು ಲ್ಯಾಪ್‌ಟಾಪ್. ಕಿರ್ರೆಂದು ಬಾಯಿ ತೆರೆಯಿತು.

ಒಳಗಿನಿಂದ ನಗು ಕಣ್ಣುಜ್ಜುತ್ತಾ ಎದ್ದು ಬಂತು. ಅಷ್ಟು ದಿನ ಕತ್ತಲಲ್ಲಿ ಮಲಗಿ ಅದಕ್ಕೆ ದಿಕ್ಕು ತಪ್ಪಿತ್ತು. ರಾಜನ ಬಾಯಿಗೆ ಹೋಗಬೇಕಾದದ್ದು, ಪಕ್ಕದಲ್ಲೇ ಇದ್ದ ಪುಟ್ಟ ಬಾಯಿಗೆ ಹಾರಿತು!

ಮಗು ಕಿಲಕಿಲ ನಕ್ಕಿತು. ಬೊಚ್ಚುಬಾಯಿ ತುಂಬ ನಕ್ಕಿತು.

"ಅಯ್ಯೋ, ದೊರೆಗಳ ನಗು ಹೋಯ್ತು!" ಅಂತ ಮಂತ್ರಿ ಎದೆ ಬಡಿದುಕೊಂಡ. ರಾಜನಿಗೂ ಒಂದು ಕ್ಷಣ ಧಸಕ್ಕೆಂದಿತು. ಕೂಡಿಟ್ಟದ್ದು ಅದೊಂದೇ, ಅದೂ ಹೋಯಿತು. ಆದರೆ ಮಗಳ ಮುಖ ನೋಡುತ್ತಾ ನೋಡುತ್ತಾ ಅವನ ಹೊಟ್ಟೆಯ ತಳದಲ್ಲಿ ಏನೋ ಗುಳುಗುಳು ಅಂದಿತು. ಅದು ಎದೆಗೆ ಬಂತು, ಗಂಟಲಿಗೆ ಬಂತು, ಹಹ್ಹಹ್ಹಾ ಅಂತ ಹೊರಗೆ ಬಂತು. ಎಲ್ಲೂ ಎತ್ತಿಟ್ಟಿರದ ನಗು! ಮಗಳು ನಕ್ಕಷ್ಟೂ ಅವನಿಗೆ ಬಂತು, ಅವನು ನಕ್ಕಷ್ಟೂ ಮಗಳಿಗೆ ಬಂತು.

ದೊರೆ ನಕ್ಕದ್ದೇ ತಡ, ಊರಿನ ಕೆನ್ನೆಗಳೆಲ್ಲ ಒಟ್ಟಿಗೆ ಒಡೆದವು. ಅರಮನೆಯ ಹೆಂಚುಗಳು ಹಾರಿ, ಮತ್ತೆ ಅದದೇ ಜಾಗಕ್ಕೆ ಬಂದು ಕೂತವು. ಹಾಲು ಹೆಪ್ಪಾಯಿತು. ಮಲ್ಲಿಗೆ ಬಿರಿಯಿತು. ದೋಸೆಯ ಮೇಲೆ ಕೂತಿದ್ದವಳು ಎದ್ದು ನಿಂತು, "ನಮ್ಮನೇದೂ ತೂತೇ!" ಅಂತ ಒಪ್ಪಿಕೊಂಡಳು.

ಅವತ್ತೇ ಮಗುವನ್ನು ತೊಟ್ಟಿಲಿಗೆ ಹಾಕಿದರು. ಪದ್ಧತಿಯಂತೆ ರಾಣಿ ಮಗುವಿನ ಹೆಸರನ್ನು ರಾಜನ ಕಿವಿಯಲ್ಲಿ ಉಸುರಿದಳು. ಉಸುರಿದ್ದೇ ಭಯವಾಯಿತು ಅವಳಿಗೆ. ಇದನ್ನೂ ಎಲ್ಲಾದರೂ ಜೋಪಾನವಾಗಿ ಎತ್ತಿಟ್ಟಾರೋ ಏನೋ! ಲ್ಯಾಪ್‌ಟಾಪೂ ಆಸೆಯಿಂದ ಬಾಯಿ ತೆರೆದುಕೊಂಡು ಕಾದಿತ್ತು. ರಾಜ ಅದನ್ನು ಹೆಬ್ಬೆಟ್ಟಿನಲ್ಲೇ ಮೆಲ್ಲಗೆ ಮುಚ್ಚಿದ. ಉಪ್ಪರಿಗೆ ಹತ್ತಿ ಗಂಟಲು ಹರಿಯುವಂತೆ ಕೂಗಿದ.

"ನನ್ನ ಮಗಳ ಹೆಸರು ನಗೆಮುತ್ತಮ್ಮಣ್ಣಿ! ಎಲ್ಲರೂ ಕೇಳಿಸಿಕೊಳ್ಳಿ! ನಾನು ಮರೆತರೆ ನೀವು ಹೇಳಿ!"

ಊರಿಗೆ ಊರೇ ಆ ಹೆಸರನ್ನು ಕೂಗಿತು. ಎಷ್ಟು ಕೂಗಿದರೂ ಹೆಸರು ಸವೆಯಲಿಲ್ಲ.

ನೀತಿ ಬೇಕಾ? ತಗೊಳ್ಳಿ. ನಿಮ್ಮ ಮನೆ ದೋಸೆಯಲ್ಲಿ ತೂತಿದ್ದರೆ ಬಚ್ಚಿಡಬೇಡಿ, ಯಾರದಾದರೂ ಲ್ಯಾಪ್‌ಟಾಪಿಗೆ ಬೇಕಾದೀತು. ಇನ್ನು ಕತೆಯೋ, ಅದು ಆ ತೂತಿನಿಂದ ಹೊರಗೆ ಹೋಯಿತು, ನಾವು ಬಾಗಿಲಿನಿಂದ ಮನೆಯೊಳಕ್ಕೆ ಬಂದೆವು. ಹೂಂ ಅಂದವರಿಗೆ ಬಿಸಿ ದೋಸೆ. ತೂಕಡಿಸಿದವರಿಗೆ ಅದರ ತೂತು.