ಆಮೆಗೆ ಬಂದ ನೋಟಿಸು

ಇರುವೆಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕೆರೆ ದಾಟಿಸುವ ಆಮೆಗೆ ಒಳ್ಳೆಯ ವರಮಾನವಿತ್ತು. ಆದರೆ ವರಮಾನ ತೆರಿಗೆ ಎಂದರೆ ಸಾಕು, ಅದರ ಎದೆ ಧಸಕ್ಕೆನ್ನುತ್ತಿತ್ತು. ಕೆರೆ ಕಚೇರಿಯ ಜವಾನ ಮರಕುಟಿಗ ನೋಟಿಸು ತಂದು ಚಿಪ್ಪು ತಟ್ಟಿದಾಗಲೆಲ್ಲ ತಲೆ ಒಳಗೆಳೆದುಕೊಂಡು, "ಮನೆಯಲ್ಲಿ ಯಾರೂ ಇಲ್ಲ" ಎನ್ನುತ್ತಿತ್ತು. ಆಮೇಲೆ ಲಕೋಟೆಯನ್ನು ಬಿಚ್ಚದೆ ಕಲ್ಲಿನಡಿ ತುರುಕುತ್ತಿತ್ತು.

ಮೂರನೆಯ ವರ್ಷ ಮರಕುಟಿಗನ ಜೊತೆ ತೆರಿಗೆ ಅಧಿಕಾರಿ ಏಡಿ ಸಾಹೇಬರೇ ಬಂದರು. "ತೆರಿಗೆಗಿಂತ ದಂಡ, ಬಡ್ಡಿಯೇ ಹೆಚ್ಚಾಗಿದೆ. ಜಪ್ತಿಗೆ ಬಂದಿದ್ದೇವೆ."

ಆಮೆ ಬೆಚ್ಚಿಬಿದ್ದಿತು. "ಸ್ವಾಮಿ, ಒಂದೇ ಸಲ ಕಟ್ಟುವಷ್ಟು ನನ್ನಲ್ಲಿರಲಿಲ್ಲ. ಕಂತು ಕೊಟ್ಟಿದ್ದರೆ ಎಂದೋ ತೀರಿಸಿಬಿಡುತ್ತಿದ್ದೆ!"

ಸಾಹೇಬರು ಕಲ್ಲಿನಡಿಯಿಂದ ಮೊದಲನೆಯ ಲಕೋಟೆಯನ್ನು ಎಳೆದು, ಹರಿದು, ಗಟ್ಟಿಯಾಗಿ ಓದಿದರು: "ಒಮ್ಮೆಲೇ ಕಟ್ಟಲಾಗದಿದ್ದರೆ ತಿಂಗಳೊಳಗೆ ಬಂದು ಹೇಳಿ. ಹನ್ನೆರಡು ಕಂತು ಮಾಡಿಕೊಡುತ್ತೇವೆ. ಬಡ್ಡಿಯಿಲ್ಲ."

ಆಮೆ ಉಳಿದ ಲಕೋಟೆಗಳತ್ತ ನೋಡಿತು. "ಅಯ್ಯೋ! ಈಗ ಜಪ್ತಿ ಮಾಡಲು ನನ್ನ ಹತ್ತಿರ ಏನಿದೆ ಸ್ವಾಮಿ?"

ಮರಕುಟಿಗ ಎಂದಿನಂತೆ ಚಿಪ್ಪು ತಟ್ಟಿತು. ಆಮೆಯ ತಲೆ ತಾನಾಗಿಯೇ ಒಳಗೆ ಹೋಯಿತು.

"ಯಾರೂ ಇಲ್ಲವೆಂದು ಮೂರು ವರ್ಷದಿಂದ ನೀನೇ ಹೇಳುತ್ತಿದ್ದೀಯಲ್ಲ," ಎಂದರು ಸಾಹೇಬರು, "ಆ ಮನೆಯನ್ನೇ."